ಮಲ್ಲಿನಾಥನ ಅಂಗೈ ಮತ್ತು ನನ್ನ ಏಳನೆಯ ಉದ್ದೇಶ

ಬನಹಟ್ಟಿಯಲ್ಲಿ ಕೆಟ್ಟ ಮಗ್ಗವನ್ನು ನೋಡುವವರು ಬಹಳ ಮಂದಿ ಇದ್ದಾರೆ. ಮಲ್ಲಿನಾಥ ನೋಡುವುದಿಲ್ಲ. ಹತ್ತಿರ ಹೋಗಿ, ಕಣ್ಣು ಅರ್ಧ ಮುಚ್ಚಿ, ಬಲಗೈಯ ಅಂಗೈಯನ್ನು ಮಗ್ಗದ ಕಬ್ಬಿಣದ ಮೈಮೇಲೆ ಇಟ್ಟು ನಿಲ್ಲುತ್ತಾನೆ, ಜ್ವರ ಬಂದ ಎಮ್ಮೆಯನ್ನು ಮುಟ್ಟಿ ನೋಡಿದ ಹಾಗೆ. ಆಮೇಲೆ ಒಂದು ಬೈಗುಳ, ಆಮೇಲೆ ನಟ್ಟು ತಿರುಗಿಸುವ ಪಾನಾ, ಆಮೇಲೆ ಮಗ್ಗ ಚಾಲೂ. ಬೈಗುಳ ಮಗ್ಗಕ್ಕೋ ಅದರ ಮಾಲೀಕನಿಗೋ ಎಂದು ಯಾರೂ ಕೇಳುವುದಿಲ್ಲ.

ಅವನಿಗೆ ಅರವತ್ತೊಂದು ವರ್ಷ. ನಾನು ಬಹುವಚನ ಬಳಸಬೇಕು, ಗೊತ್ತಿದೆ. ಆದರೆ ಅವನಿಗೆ ಬಹುವಚನ ಹಚ್ಚಿದರೆ ಹಿಂದೆ ಯಾರೋ ದೊಡ್ಡವರು ಬಂದು ನಿಂತಿದ್ದಾರೆಂದು ತಿರುಗಿ ನೋಡುತ್ತಾನೆ. ಎದುರಿಗೆ ಕಾಕಾ ಅನ್ನುತ್ತೇನೆ, ಬರವಣಿಗೆಯಲ್ಲಿ ಮಲ್ಲಿನಾಥನೇ ಇರಲಿ. ನಲವತ್ತು ವರ್ಷ ಪವರ್‌ಲೂಮ್ ಶೆಡ್ಡುಗಳಲ್ಲಿ ದುರಸ್ತಿ ಮಾಡಿ, ಎಡಗಿವಿಯನ್ನು ಪೂರಾ, ಬಲಗಿವಿಯನ್ನು ಮುಕ್ಕಾಲು ಮಗ್ಗಗಳಿಗೆ ಕೊಟ್ಟಿದ್ದಾನೆ. ಎದುರು ನಿಂತವರ ತುಟಿ ನೋಡಿ ಮಾತು ತಿಳಿಯುತ್ತಾನೆ. ಹೀಗಾಗಿ ಬೆನ್ನ ಹಿಂದೆ ಅವನನ್ನು ಎಷ್ಟು ಗಟ್ಟಿಯಾಗಿ ಬೈದರೂ ನಡೆಯುತ್ತದೆ, ಮುಂದೆ ನಿಂತು ಪಿಸುಗುಟ್ಟಿದರೆ ಮಾತ್ರ ಸಿಕ್ಕಿಬೀಳುತ್ತೇವೆ.

ಚಿಕ್ಕಂದಿನಲ್ಲಿ ಏಳನೆಯ ಇಯತ್ತೆಯ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ನಪಾಸಾದವನು ಅವನು. ಪರೀಕ್ಷೆ ಎಂಬ ಶಬ್ದವನ್ನು ಯಾರದಾದರೂ ತುಟಿಯ ಮೇಲೆ ಕಂಡರೆ ಈಗಲೂ ಅಂಗೈ ಬೆವರುತ್ತದಂತೆ. ಅಂಥವನನ್ನು ನಮ್ಮ ತರಬೇತಿ ಕೇಂದ್ರ ಪವರ್‌ಲೂಮ್ ದುರಸ್ತಿಯ ಮೂರು ತಿಂಗಳ ಕೋರ್ಸಿಗೆ ಮಾಸ್ತರನನ್ನಾಗಿ ಮಾಡಿತು. ಮಾಸ್ತರನ ಕಾಗದಪತ್ರ ನೋಡಿಕೊಳ್ಳಲು ನನ್ನನ್ನು ಕೂಡಿಸಿತು. ನಾನು ಅನುರಾಧಾ, ಬೀಳಗಿಯವಳು, ಬಿ.ಎಡ್., ಎಂ.ಎಡ್. ಟೀಚರಮ್ಮ ಎನ್ನುವುದಕ್ಕೆ ಅವನು ಬಾಯಾರ ಅನ್ನುತ್ತಾನೆ. ನನಗೆ ಮಗ್ಗದ ಬಗ್ಗೆ ಗೊತ್ತಿದ್ದದ್ದು ಒಂದೇ, ಅದರಿಂದ ಸೀರೆ ಬರುತ್ತದೆ ಎಂಬುದು.

ಕೋರ್ಸಿನ ಕಡತ ತೆರೆದ ಮೊದಲ ದಿನವೇ ನನಗೆ ತಲೆ ತಿರುಗಿತು. 'ಕಲಿಕೆಯ ಉದ್ದೇಶಗಳು' ಎಂಬ ಪುಟದಲ್ಲಿ ಹೀಗೆ ಬರೆದಿತ್ತು: 'ತರಬೇತಿಯ ಕೊನೆಗೆ ಅಭ್ಯರ್ಥಿಗಳು ಮಗ್ಗಗಳಿಗೆ ಸಮತೋಲನ ಆಹಾರದ ಮಹತ್ವವನ್ನು ಅರಿಯುವರು. ರೋಗಪೀಡಿತ ಮಗ್ಗಗಳನ್ನು ಉಳಿದ ಮಗ್ಗಗಳಿಂದ ಪ್ರತ್ಯೇಕವಾಗಿಡುವರು.' ನನ್ನ ಹಿಂದಿನವರು ಕೋಳಿ ಸಾಕಾಣಿಕೆಯ ಕೋರ್ಸಿನ ಪುಟವನ್ನು ಹಾಗೇ ಎತ್ತಿ, ಕೋಳಿ ಇದ್ದಲ್ಲೆಲ್ಲ ಮಗ್ಗ ಹಾಕಿದ್ದರು. ಎರಡು ವರ್ಷ ಅದಕ್ಕೆ ಮೇಲಿನ ಕಚೇರಿಯ ಮೂರು ಮಂದಿ ಸಹಿ ಹಾಕಿದ್ದರು. ಒಬ್ಬರಾದರೂ ಓದಿದ್ದರೆ, ಮಗ್ಗಕ್ಕೆ ಮೊಟ್ಟೆ ಎಷ್ಟು ಎಂದು ಕೇಳುತ್ತಿದ್ದರು.

ಈ ವರ್ಷ ಮಾತ್ರ ಹೊರಗಿನಿಂದ ಪರೀಕ್ಷಕರು ಬಂದು, ಬರೆದ ಉದ್ದೇಶಗಳ ಪ್ರಕಾರವೇ ಒಬ್ಬೊಬ್ಬರನ್ನು ಅಳೆಯುತ್ತಾರೆ, ಎಲ್ಲ ಉದ್ದೇಶಗಳಲ್ಲೂ ಪಾಸಾದವರಿಗಷ್ಟೇ ಪ್ರಮಾಣಪತ್ರ ಎಂದು ಆದೇಶ ಬಂದಿತ್ತು. ನಾನು ಧಾರವಾಡದಲ್ಲಿ ನಾಲ್ಕು ದಿನ ಇದೇ ವಿಷಯದ ಕಾರ್ಯಾಗಾರಕ್ಕೆ ಹೋಗಿ, ದಿನಕ್ಕೆ ಎರಡು ಹೊತ್ತು ಊಟ ಮಾಡಿ, ಒಂದು ದಪ್ಪ ಪುಸ್ತಿಕೆ ತಂದಿದ್ದೆ. ಕೋಳಿಯ ಪುಟವನ್ನು ಹರಿದು ಹಾಕಿ ಹೊಸದು ಬರೆದೆ. 'ಅಭ್ಯರ್ಥಿಗಳು ಮಗ್ಗದ ಕಾರ್ಯತತ್ತ್ವವನ್ನು ಅರಿಯುವರು, ದುರಸ್ತಿಯ ಮಹತ್ವವನ್ನು ಮನಗಾಣುವರು.' ಬರೆದು, ಮಾಸ್ತರನಿಗೆ ಓದಿ ಹೇಳಿದೆ. ಅವನು ನನ್ನ ತುಟಿಗಳನ್ನೇ ನೋಡುತ್ತ ಕೇಳಿಸಿಕೊಂಡ.

"ಅಲ್ರೀ ಬಾಯಾರ, ಅರಿಯುವರು ಅಂದ್ರಿ. ಅರತಾರೋ ಇಲ್ಲೋ ಅನ್ನೂದನ್ನ ಎಲ್ಲಿ ನೋಡೂದ್ರಿ?"

"ಅವರ ಮನಸ್ಸಿನ್ಯಾಗ ಇರ್ತದಲ್ಲ ಕಾಕಾ."

"ನಮ್ಮ ಮನಿಯಾಕಿ ಕಸ್ತೂರೆವ್ವ ಮೂವತ್ತೈದ ವರ್ಷದಿಂದ 'ನಿನ್ನ ಪೂರಾ ಅರ್ಥಾ ಮಾಡ್ಕೊಂಡೇನಿ' ಅಂತಾಳ್ರಿ. ಆದ್ರ ದಿನಾ ಚಾದಾಗ ಸಕ್ರಿ ಹೆಚ್ಚ ಹಾಕ್ತಾಳ. ಆಕಿ ಅರ್ಥಾ ಮಾಡ್ಕೊಂಡಾಳಂತ ನಾ ಹೆಂಗ ನಂಬಲಿ? ಸಕ್ರಿ ಕಡಿಮಿ ಹಾಕಿದ ದಿನಾ ನಂಬ್ತೇನಿ."

ನಾನು ಪುಸ್ತಿಕೆಯ ಹದಿನೇಳನೆಯ ಪುಟ ತೆರೆದೆ. 'ಉದ್ದೇಶವು ಕಣ್ಣಿಗೆ ಕಾಣುವ ಕ್ರಿಯೆಯಾಗಿರಬೇಕು' ಎಂದಿತ್ತು. ಅದೇ ಪುಟಕ್ಕೆ ನಾನು ಕೆಂಪು ಗೆರೆ ಎಳೆದಿದ್ದೆ, ನಕ್ಷತ್ರ ಬೇರೆ ಹಾಕಿದ್ದೆ. ಗೆರೆ ಎಳೆದವಳಿಗೇ ಅದು ಹೊಳೆದಿರಲಿಲ್ಲ.

"ಹಂಗಾದ್ರ ನೀವ ಹೇಳ್ರಿ, ನಾ ಬರಿತೇನಿ" ಎಂದೆ, ಸ್ವಲ್ಪ ಸಿಟ್ಟಿನಲ್ಲೇ.

ಅವನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡ ಚಹಾ ಮುಗಿಸಿ ಹೇಳತೊಡಗಿದ. ಮಗ್ಗದ ಹಾಸಿನಲ್ಲಿ ಎಳೆ ಹರಿದು ನಿಂತರೆ, ಬಸಿಯಲ್ಲಿ ಸುರಿದ ಚಹಾ ಆರುವುದರೊಳಗೆ ಕೂಡಿಸಿ ಮತ್ತೆ ಚಾಲೂ ಮಾಡಬೇಕು. ಲಾಳಿ ಈ ಬದಿಯಿಂದ ಹೊರಟು ಆ ಬದಿಯ ಪೆಟ್ಟಿಗೆ ಮುಟ್ಟದಿದ್ದರೆ, ಅದನ್ನು ಒದೆಯುವ ಪಿಕ್ಕರ್ ಎಂಬ ತುಂಡನ್ನು ಬಿಚ್ಚಿ ಬೇರೆ ಹಾಕಬೇಕು, ಅದೂ ಯಾರನ್ನೂ ಕೇಳದೆ. ದುರಸ್ತಿಯಾದ ಮೇಲೆ ಗೇಣುದ್ದ ಬಟ್ಟೆ ನೇಯ್ದು ತೋರಿಸಬೇಕು, ಅದರಲ್ಲಿ ಒಂದೂ ತೂತು ಇರಬಾರದು. ಹೀಗೆ ಆರು ಹೇಳಿದ. ಯಾವ ಪರಿಸ್ಥಿತಿಯಲ್ಲಿ, ಏನು ಮಾಡಬೇಕು, ಎಷ್ಟು ಚೆನ್ನಾಗಿ ಮಾಡಬೇಕು, ಮೂರೂ ಒಂದೊಂದು ವಾಕ್ಯದಲ್ಲಿ ಇದ್ದವು. ಧಾರವಾಡದ ನಾಲ್ಕು ದಿನಗಳನ್ನು ಏಳನೆಯ ಇಯತ್ತೆ ನಪಾಸಾದವನು ಒಂದು ಕಪ್ ಚಹಾದಲ್ಲಿ ಮುಗಿಸಿದ. ಚಹಾ ಆರುವ ಹೊತ್ತನ್ನು ನಾಲ್ಕು ನಿಮಿಷ ಎಂದು ಬರೆದದ್ದೊಂದೇ ನನ್ನ ಕೊಡುಗೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನ ಎಂ.ಎಡ್. ಸುಮ್ಮನಿರಬೇಕಲ್ಲ. ಆರೂ ಮಾಸ್ತರನವೇ ಆದರೆ ನಾನು ಇರುವುದು ಯಾತಕ್ಕೆ? ಏಳನೆಯದು ನನ್ನದೇ ಒಂದು ಸೇರಿಸಿದೆ: 'ಅಭ್ಯರ್ಥಿಯು ದೋಷದ ಕಾರಣವನ್ನು ಮೌಖಿಕವಾಗಿ ವಿವರಿಸುವನು/ವಿವರಿಸುವಳು.' ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

"ಯಾರಿಗೆ ವಿವರಸೂದ್ರಿ?" ಎಂದ ಮಲ್ಲಿನಾಥ.

"ಪರೀಕ್ಷಕರಿಗೆ."

"ಅವ್ರಿಗ್ಯಾಕ ಬೇಕ್ರಿ? ಅವ್ರ ಮಗ್ಗ ರಿಪೇರಿ ಮಾಡಾಕ ಬಂದಿರ್ತಾರೇನು?"

"ಇರಲಿ ಕಾಕಾ, ಛಲೋ ಕಾಣಸ್ತದ" ಎಂದು ಸಹಿ ಹಾಕಿ ಮೇಲಕ್ಕೆ ಕಳಿಸಿದೆ.

ಆ ತಂಡದಲ್ಲಿ ಒಂಬತ್ತು ಮಂದಿ ಇದ್ದರು. ಎಂಟು ಗಂಡಸರು, ಒಬ್ಬಳು ಶೈಲಾ. ಅವಳದು ಬೀರೇಶ್ವರನಿಗೆ ನಡೆದುಕೊಳ್ಳುವ ಕುರಿಗಾರರ ಮನೆ. ಮನೆಯವರು ಕುರಿ ಹಿಂದೆ ಹೋದರೆ ಇವಳು ಅಂದಾನೆಪ್ಪನ ಶೆಡ್ಡಿನಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತ ಎಂಟು ವರ್ಷ ಕಳೆದಿದ್ದಳು. ಮಗ್ಗ ಕೆಟ್ಟರೆ ದುರಸ್ತಿಯವನು ಬರುವವರೆಗೆ ಕೈಕಟ್ಟಿ ನಿಲ್ಲಬೇಕು, ಅದು ಶೆಡ್ಡಿನ ರಿವಾಜು. ಶೈಲಾ ನಿಲ್ಲುತ್ತಿರಲಿಲ್ಲ. ಅವನು ಬರುವುದರೊಳಗೆ ತಾನೇ ಸರಿಮಾಡಿ ಇಡುತ್ತಿದ್ದಳು. ಅವನು ಬಂದು, ಪಾನಾ ಒಂದು ಸುತ್ತು ತಿರುಗಿಸಿ, ತಾನೇ ಮಾಡಿದೆ ಎಂದು ಮೀಸೆ ತಿರುವಿ ಹೋಗುತ್ತಿದ್ದ.

ಈಗ ಅವನು ಕೆಲಸ ಬಿಟ್ಟಿದ್ದ. ಜಾಗ ಖಾಲಿ ಇತ್ತು. ಶೈಲಾ ಅಂದಾನೆಪ್ಪನನ್ನು ಕೇಳಿದ್ದಳು. "ನನ್ನದೇನೂ ಅಡ್ಡಿ ಇಲ್ಲವ್ವಾ. ನಾಳಿ ಗಂಡಸೂರು ಹೆಣ್ಣಮಗಳ ಕೈಯಾಗ ಪಾನಾ ಯಾಕ ಕೊಟ್ಟಿ ಅಂತಾರ. ಒಂದ ಕಾಗದಾ ತಾ, ಅವ್ರ ಬಾಯಿಗೆ ಹಚ್ಚತೇನಿ" ಎಂದಿದ್ದ. ಆ ಕಾಗದಕ್ಕಾಗಿಯೇ ಅವಳು ಕೋರ್ಸಿಗೆ ಬಂದಿದ್ದಳು. ಪರೀಕ್ಷೆಯಾದ ಮುಂದಿನ ತಿಂಗಳ ಒಂದನೇ ತಾರೀಖಿನೊಳಗೆ ಕಾಗದ ಸಿಗದಿದ್ದರೆ ಅಂದಾನೆಪ್ಪ ಹೊರಗಿನಿಂದ ಬೇರೆ ಗಂಡಸನ್ನು ತರುವವನಿದ್ದ. ಮಲ್ಲಿನಾಥನಿಗೆ ಇದೆಲ್ಲ ಗೊತ್ತಿತ್ತು. "ಆಕಿ ಕೈ ನನ್ನ ಕೈಗಿಂತಾ ಶ್ಯಾಣ್ಯಾ ಐತ್ರಿ" ಎಂದು ನನಗೆ ಹೇಳಿದ್ದ. ಅವನು ಇನ್ನೊಬ್ಬರನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಪರೀಕ್ಷೆ ನಡೆದದ್ದು ಅಂದಾನೆಪ್ಪನ ಶೆಡ್ಡಿನಲ್ಲಿಯೇ. ಒಂದು ಮಗ್ಗ ಪರೀಕ್ಷೆಗೆ ಬಿಟ್ಟುಕೊಟ್ಟ. ಉಳಿದ ಇಪ್ಪತ್ತಮೂರನ್ನು ನಿಲ್ಲಿಸಿ ಎಂದರೆ, "ನಿಮ್ಮ ಪರೀಕ್ಷಾಕ್ಕ ನನ್ನ ಸೀರಿ ನಿಲ್ಲಬೇಕೇನ್ರಿ?" ಎಂದ. ಪರೀಕ್ಷಕರು ಮೈಸೂರಿನ ಕಡೆಯವರು, ಸೌಮ್ಯ ಮನುಷ್ಯ. ಒಳಗೆ ಕಾಲಿಟ್ಟು ಎರಡು ನಿಮಿಷದಲ್ಲಿ ಹೊರಗೆ ಬಂದು, ಮೇಜಿನ ಮೇಲಿದ್ದ ಹತ್ತಿಯನ್ನು ಎರಡೂ ಕಿವಿಗೆ ತುರುಕಿಕೊಂಡು ಮತ್ತೆ ಒಳಗೆ ಹೋದರು. ಮೌಖಿಕ ವಿವರಣೆಯನ್ನು ಅಳೆಯುವುದಕ್ಕೆ!

ಇಲ್ಲಿ ಒಂದು ಸಂಗತಿ ಹೇಳಬೇಕು. ಪವರ್‌ಲೂಮ್ ಶೆಡ್ಡಿನಲ್ಲಿ ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಕೇಳಿಸುವುದಿಲ್ಲ, ಬಾಯಿ ತೆರೆದರೆ ಹತ್ತಿಯ ನವಿರು ಒಳಗೆ ಹೋಗುತ್ತದೆ. ಎಲ್ಲವೂ ಕೈಯಲ್ಲೇ. ಹೆಬ್ಬೆರಳು ತುಟಿಗೆ ಬಂದರೆ ಚಹಾ. ಅಂಗೈ ಚಪ್ಪಟೆ ಮಾಡಿದರೆ ಮಗ್ಗ ನಿಂತಿದೆ. ಮುಷ್ಟಿಯನ್ನು ಅಂಗೈಗೆ ಗುದ್ದಿದರೆ ಪಿಕ್ಕರ್, ಬೆರಳನ್ನು ಮಣಿಕಟ್ಟಿನ ಸುತ್ತ ತಿರುವಿದರೆ ಬೆಲ್ಟು. ಮುಷ್ಟಿ ಎದೆಯ ಮುಂದೆ ಹಿಂದೆಮುಂದೆ ಆಡಿದರೆ ಮಗ್ಗ ಚಾಲೂ ಆಯಿತು. ಮಾಲೀಕ ಬಂದ ಎಂಬುದಕ್ಕೂ ಒಂದು ಸನ್ನೆ ಇದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಶೆಡ್ಡಿನಲ್ಲಿ ಬಾಯಿ ತೆರೆದು ಕೂಗುವವನು ಒಂದೋ ಹೊಸಬ, ಇಲ್ಲವೇ ಹುಚ್ಚ. ಇದನ್ನು ಮಲ್ಲಿನಾಥ ನನಗೆ ಹೇಳಿರಲಿಲ್ಲ. ನೀರಿನಲ್ಲಿದ್ದ ಮೀನು ನೀರಿನ ಸುದ್ದಿ ಹೇಳೀತೇ?

ಶೈಲಾಳ ಸರದಿ ಬಂತು. ಎಳೆ ಕೂಡಿಸಲು ಎರಡೂವರೆ ನಿಮಿಷ. ಪಿಕ್ಕರ್ ಬಿಚ್ಚಿದ್ದು, ಹಾಕಿದ್ದು ನನ್ನ ಕಣ್ಣಿಗೇ ಬೀಳಲಿಲ್ಲ. ಗೇಣುದ್ದ ಬಟ್ಟೆಯನ್ನು ಪರೀಕ್ಷಕರು ಬೆಳಕಿಗೆ ಹಿಡಿದು ನೋಡಿದರು, ತೂತಿಲ್ಲ. ಆರಕ್ಕೆ ಆರು. ಆಮೇಲೆ ಅವರು ಏಳನೆಯದನ್ನು ಬೆರಳಿಟ್ಟು ತೋರಿಸಿ, ವಿವರಿಸು ಎಂಬಂತೆ ತಲೆಯಾಡಿಸಿದರು. ಶೈಲಾ ವಿವರಿಸಿದಳು. ಅಂಗೈ ಚಪ್ಪಟೆ, ಮುಷ್ಟಿಯ ಗುದ್ದು, ಬೆರಳು ಸವೆದ ಅಂಚಿನ ಮೇಲೆ, ಲಾಳಿ ಅರ್ಧಕ್ಕೆ ಬಂದು ನಿಂತ ಸನ್ನೆ. ಎಂಟು ವರ್ಷದ ಅಭ್ಯಾಸ, ಬಾಯಿ ತೆರೆಯಬೇಕೆಂಬುದೇ ಅವಳಿಗೆ ಹೊಳೆಯಲಿಲ್ಲ. ಪರೀಕ್ಷಕರು ಕಾದರು. ಅವಳು ಇನ್ನೂ ಚೆನ್ನಾಗಿ, ಇನ್ನೂ ನಿಧಾನವಾಗಿ ಕೈಯಾಡಿಸಿದಳು. ಅವರು ಸೊನ್ನೆ ಬರೆದರು.

ಅವಳ ನಂತರ ರಾಹುಲ ಹೋದ. ರಬಕವಿಯ ಸೀರೆ ಅಂಗಡಿಯವರ ಮನೆಯವನು, ಮದುವೆಯಾಗಿ ಒಂದು ಮಗುವಿನ ತಂದೆ, ಶೆಡ್ಡಿನೊಳಗೆ ಈ ಕೋರ್ಸಿನ ಮೊದಲು ಕಾಲಿಟ್ಟವನಲ್ಲ. ಪಾಠ ಕಲಿತು ಆರನ್ನು ಹೇಗೋ ದಾಟಿದ. ಏಳನೆಯದಕ್ಕೆ ಪರೀಕ್ಷಕರ ಕಿವಿಯ ಹತ್ತಿರ ಬಾಯಿ ತಂದು, ಕತ್ತಿನ ನರ ಉಬ್ಬುವಂತೆ ಏನೋ ಕೂಗಿದ. ಪರೀಕ್ಷಕರು ಗಂಭೀರವಾಗಿ ತಲೆಯಾಡಿಸಿ ಪೂರ್ತಿ ಅಂಕ ಕೊಟ್ಟರು. ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದ ಮಲ್ಲಿನಾಥ ಇದ್ದಕ್ಕಿದ್ದಂತೆ ಒಂದು ಬೈಗುಳ ಉದುರಿಸಿದ. ಯಾಕೆಂದು ಆಗ ನನಗೆ ಗೊತ್ತಾಗಲಿಲ್ಲ.

ಸಂಜೆ ಪಟ್ಟಿ ಬಂತು. ಎಂಟು ಗಂಡಸರೂ ಏನಾದರೊಂದು ಕೂಗಿ ಪಾಸು. ಶೈಲಾ ಏಳನೆಯದರಲ್ಲಿ ನಪಾಸು, ಆದ್ದರಿಂದ ಎಲ್ಲದರಲ್ಲೂ ನಪಾಸು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇಷ್ಟು ಸರಿಯಾಗಿ ಯಾರಿಗೂ ಒಪ್ಪಿರಲಾರದು. ಅವಳು ಅಳಲಿಲ್ಲ. ಗೋಡೆಗೆ ಹಚ್ಚಿದ ಪಟ್ಟಿಯನ್ನು ಎರಡು ಸಲ ಓದಿ, "ನಾ ಹೇಳಿದ್ನಲ್ರಿ, ಎಲ್ಲಾ ಹೇಳಿದ್ನಲ್ಲ" ಎಂದಷ್ಟೇ ಅಂದಳು.

ಮಲ್ಲಿನಾಥ ನನ್ನ ಮೇಜಿನ ಮುಂದೆ ಬಂದು ನಿಂತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಏಳನೇದು ನಿಮ್ಮದ ಅಲ್ಲೇನ್ರಿ, ಬಾಯಾರ?" ಎಂದ.

ನನಗೆ ನಾಚಿಕೆಯಾಯಿತು. ಎಂಟು ವರ್ಷ ಬೇರೆಯವರ ಮೀಸೆಗಾಗಿ ದುರಸ್ತಿ ಮಾಡಿದ ಹೆಣ್ಣುಮಗಳ ಕೆಲಸವನ್ನು, ಛಲೋ ಕಾಣುತ್ತದೆ ಎಂದು ಸೇರಿಸಿದ ನನ್ನ ಒಂದು ಸಾಲು ನುಂಗಿತ್ತು. ಎದ್ದು ಅವನನ್ನು ಕರೆದುಕೊಂಡು ಪರೀಕ್ಷಕರ ಕೋಣೆಗೆ ಹೋದೆ.

"ನೋಡಿ ಮೇಡಂ, ಮೌಖಿಕವಾಗಿ ಅಂತ ಬರೆದಿರೋರು ನೀವು" ಎಂದರು ಅವರು. "ಆಕೆ ಬಾಯಿ ತೆರೀಲೇ ಇಲ್ಲ. ನೀವು ಬರೆದದ್ದನ್ನ ನಾನು ಅಳೆದಿದ್ದೀನಿ, ಅಷ್ಟೆ."

"ರಾಹುಲ ಬಾಯಿ ತಗದಾನಲ್ರಿ" ಎಂದ ಮಲ್ಲಿನಾಥ. "ಏನ ಹೇಳಿದಾನ್ರಿ ಅಂವ?"

"ಅದೇ... ಲಾಳಿ ವಿಷಯ."

"ಲಾಳಿ ಅಲ್ರಿ. 'ಸಾಹೇಬರ, ಇದು ಮುಗದ ಮ್ಯಾಲೆ ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ಭಜಿ ತಿನ್ನೂಣ ಬರ್ರಿ, ಭಾಳ ಛಲೋ ಇರ್ತಾವ' ಅಂದಾನ. ನಾ ತುಟಿ ನೋಡೇನ್ರಿ."

ರಾಹುಲನನ್ನು ಕರೆಸಿದೆವು. ಅವನು ನೆಲ ನೋಡಿದ, ಆಮೇಲೆ ಮಲ್ಲಿನಾಥನನ್ನು ನೋಡಿದ. "ಗದ್ದಲದಾಗ ಏನೂ ನೆನಪ ಆಗಲಿಲ್ರಿ. ಭಜಿ ಮಾತ್ರ ಖರೆನ ಛಲೋ ಇರ್ತಾವ್ರಿ" ಎಂದ.

ಪರೀಕ್ಷಕರು ರಾಹುಲನ ಅಂಕದ ಸಾಲನ್ನು ಇನ್ನೊಮ್ಮೆ ನೋಡಿದರು. ಎಡಗಿವಿಯಲ್ಲಿ ಇನ್ನೂ ಉಳಿದಿದ್ದ ಹತ್ತಿಯನ್ನು ತೆಗೆದು ಮೇಜಿನ ಮೇಲಿಟ್ಟರು. "ಉದ್ದೇಶವೇ ತಪ್ಪಾಗಿದೆ ಅಂತ ನೀವು ಬರವಣಿಗೆಯಲ್ಲಿ ಕೊಟ್ಟರೆ, ಏಳನೆಯದನ್ನ ಒಂಬತ್ತು ಜನಕ್ಕೂ ಮತ್ತೆ ನಡೆಸ್ತೀನಿ. ಆದರೆ ಆ ಕಾಗದ ಮೇಲಿನವರೆಗೂ ಹೋಗುತ್ತೆ. ಯೋಚನೆ ಮಾಡಿ."

ಯೋಚನೆ ಮಾಡಿದೆ, ಸುಳ್ಳೇಕೆ ಹೇಳಲಿ. ನನ್ನದು ವರ್ಷವರ್ಷ ಮುಂದುವರಿಸುವ ನೌಕರಿ. ಕೋಳಿ ಬರೆದವರಿಗೆ ಬಡ್ತಿ ಸಿಕ್ಕಿತ್ತು, ಏಕೆಂದರೆ ಅವರು ತಪ್ಪು ಒಪ್ಪಿಕೊಂಡಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಶೈಲಾ ಕೂತಿದ್ದಳು. 'ಏಳನೆಯ ಉದ್ದೇಶವನ್ನು ನಾನು ತಪ್ಪಾಗಿ ಬರೆದಿದ್ದೇನೆ' ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿ ಕೊಟ್ಟೆ.

ಹೊಸ ವಾಕ್ಯಕ್ಕೆ ಮತ್ತೆ ಚಹಾ ತರಿಸಿದೆವು. ಮೊದಲು ನಾನು 'ದೋಷವನ್ನು ಸಮರ್ಪಕವಾಗಿ ಸಂವಹನ ಮಾಡುವರು' ಎಂದು ಬರೆದೆ.

"ಮತ್ತ ಕೋಳಿ ಬಂತ ನೋಡ್ರಿ" ಎಂದ ಮಲ್ಲಿನಾಥ. "ಮಗ್ಗ ಕೆಟ್ಟದ್ದನ್ನ ಇನ್ನೊಬ್ಬಗ ಯಾಕ ಹೇಳ್ತೇವ್ರಿ? ಅಂವಾ ಬೇಕಾದ ಸಾಮಾನ ತರ್ಲಿ ಅಂತ. ಅಂವಾ ಅದನ್ನ ತಂದ್ರ ಹೇಳಿದ್ದು ಖರೆ. ಬ್ಯಾರೇದು ತಂದ್ರ ಎಷ್ಟ ಭಾಷಣಾ ಬಿಗದ್ರೂ ಸುಳ್ಳ."

ಹಾಗೆಯೇ ಬರೆದೆ: 'ಮಗ್ಗಗಳು ನಡೆಯುತ್ತಿರುವ ಶೆಡ್ಡಿನಲ್ಲಿ, ಇಪ್ಪತ್ತು ಅಡಿ ದೂರದಲ್ಲಿ ನಿಂತವನು ಒಂದೇ ಸಲಕ್ಕೆ ಬೇಕಾದ ಬಿಡಿಭಾಗವನ್ನೇ ಎತ್ತಿ ತರುವಂತೆ, ದೋಷವನ್ನು ತಿಳಿಸುವರು.' ಬಾಯಿಯಿಂದ ಎಂದೂ ಇಲ್ಲ, ಕೈಯಿಂದ ಎಂದೂ ಇಲ್ಲ. ಪರೀಕ್ಷಕರು ಓದಿ, ತಮ್ಮ ವಹಿಯಲ್ಲಿ ಅದನ್ನು ನಕಲು ಮಾಡಿಕೊಂಡರು.

ಒಂದನೇ ತಾರೀಖಿಗೆ ಎರಡು ದಿನ ಇರುವಾಗ ಮರುಪರೀಕ್ಷೆ. ಮಾಸ್ತರನಾದವನು ಒಳಗೆ ಇರಕೂಡದೆಂದು ಮಲ್ಲಿನಾಥನನ್ನು ಹೊರಗೆ ಕಳಿಸಿದರು. ಅವನು ರಸ್ತೆಯ ಆಚೆಗಿನ ಚಹಾದಂಗಡಿಯ ಮರದ ಬಾಕಿನ ಮೇಲೆ ಕೂತ. ಎರಡೂ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತೆ. ಒಳಗಿನ ಆ ತುದಿಯಲ್ಲಿ ಒಂದು ಮೇಜು, ಅದರ ಮೇಲೆ ಐದು ಬಿಡಿಭಾಗ. ಎತ್ತಿ ತರಲು ಅಂದಾನೆಪ್ಪನೇ ನಿಂತ. ತನ್ನ ಮಗ್ಗದ ದುರಸ್ತಿಗೆ ತಾನೇ ಆಳು, ಎಂದು ಒಳಗೆ ಹೋಗುವ ಮೊದಲು ಗೊಣಗಿದ್ದ. ಯಾರಿಗೆ ಯಾವ ದೋಷ ಎಂಬುದನ್ನು ಪರೀಕ್ಷಕರು ಆಗಿಂದಾಗ ಮಾಡಿಡುತ್ತಿದ್ದರು, ಅಂದಾನೆಪ್ಪನಿಗೂ ಅದು ಗೊತ್ತಿರಲಿಲ್ಲ.

ರಾಹುಲ ಮೊದಲು ಹೋದ. ಸ್ಪ್ರಿಂಗ್ ಬೇಕಾಗಿತ್ತು. ಕೂಗಿದ, ಕುಣಿದ, ಕೊನೆಗೆ ಗಂಟಲು ಹಿಡಿದುಕೊಂಡ. ಅಂದಾನೆಪ್ಪ ಮೇಜು ಬಿಟ್ಟು ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟ.

ಶೈಲಾ ನಿಂತ ಮಗ್ಗದ ಹತ್ತಿರ ಹೋಗಿ, ಅಂಗೈಯನ್ನು ಅದರ ಮೈಮೇಲೆ ಇಟ್ಟಳು. ಮಲ್ಲಿನಾಥನ ಹಾಗೆಯೇ, ಕಣ್ಣು ಅರ್ಧ ಮುಚ್ಚಿ. ಆಮೇಲೆ ತಿರುಗಿ ಅಂದಾನೆಪ್ಪನ ಕಡೆ ಕೈಯೆತ್ತಿದಳು. ಬೆರಳು ಮಣಿಕಟ್ಟಿನ ಸುತ್ತ ಒಂದು ಸುತ್ತು, ಎರಡು ಬೆರಳು ಕತ್ತರಿಯ ಹಾಗೆ. ಅಂದಾನೆಪ್ಪ ಕ್ಷಣವೂ ತಡೆಯಲಿಲ್ಲ. ಬೆಲ್ಟು ಎತ್ತಿಕೊಂಡು ಬಂದ. ಪರೀಕ್ಷಕರು ಕಾಗದದ ಮೇಲೆ ಏನೋ ಬರೆದು, ಅವಳ ಕಡೆಗೆ ತಿರುಗಿಸಿ ಹಿಡಿದರು.

ಅವಳು ನನ್ನನ್ನು ದಾಟಿ ಬಾಗಿಲ ಹೊರಗೆ ಬಂದಳು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾಡು ಹಚ್ಚಿಕೊಂಡು ಹೋಗುತ್ತಿತ್ತು, ಬೆನ್ನ ಹಿಂದೆ ಮಗ್ಗಗಳ ಗದ್ದಲ. ಆಚೆ ಮಲ್ಲಿನಾಥ ಎದ್ದು ನಿಂತಿದ್ದ. ಶೆಡ್ಡಿನ ಕೈಮಾತಿನಲ್ಲಿ ಪಾಸಾದೆ ಎಂಬುದಕ್ಕೆ ಸನ್ನೆ ಇಲ್ಲ, ಅಲ್ಲಿ ಯಾರಿಗೂ ಅದು ಬೇಕಾಗಿಯೇ ಇರಲಿಲ್ಲ. ಶೈಲಾ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮುಷ್ಟಿ ಕಟ್ಟಿ ಎದೆಯ ಮುಂದೆ ಹಿಂದೆಮುಂದೆ ಆಡಿಸಿದಳು. ಮಗ್ಗ ಚಾಲೂ ಆಯಿತು.

ಮಲ್ಲಿನಾಥ ಮತ್ತೆ ಬಾಕಿನ ಮೇಲೆ ಕೂತುಬಿಟ್ಟ. ನಾವಿಬ್ಬರೂ ರಸ್ತೆ ದಾಟಿ ಹೋಗುವ ಹೊತ್ತಿಗೆ ಪಾನಾ ಒರೆಸುವ ಬಟ್ಟೆಯಿಂದ ಕಣ್ಣು ಒರೆಸಿಕೊಂಡು, ಮುಖಕ್ಕೆಲ್ಲ ಎಣ್ಣೆ ಬಳಿದುಕೊಂಡಿದ್ದ.

"ಮೂರ ಸಲ ನಪಾಸ ಆದಾಂವ ರೀ ನಾ" ಎಂದ. "ಇವತ್ತ ಪಾಸಾದೆ ಅನಸ್ತದ."

ಅವನು ನನ್ನ ಮುಖ ನೋಡಿ, "ಆಕಿ ಈಗ ಅಲ್ಲಿ ನಿಂತ ಏನ ಹೇಳಿದಳು, ತಿಳೀತೇನ್ರಿ ಬಾಯಾರ?" ಎಂದು ಕೇಳಿದ.

"ತಿಳೀತ್ರಿ ಕಾಕಾ."

"ತಿಳೀತು ಅಂದ್ರ ನಾ ಹೆಂಗ ನಂಬಲಿ? ಮಾಡಿ ತೋರಿಸ್ರಿ."

ರಸ್ತೆಯ ಬದಿಯಲ್ಲಿ, ಚಹಾ ಕುಡಿಯುವವರೆಲ್ಲ ನೋಡುತ್ತಿರುವಾಗ, ನಾನು ಮುಷ್ಟಿ ಕಟ್ಟಿ ಎದೆಯ ಮುಂದೆ ಆಡಿಸಿದೆ. ಮಲ್ಲಿನಾಥ ಶೈಲಾಳ ಕಡೆ ನೋಡಿದ. ಶೈಲಾ ತುಟಿ ಬಿಗಿಹಿಡಿದು ತಲೆ ಅಡ್ಡ ಅಲ್ಲಾಡಿಸಿದಳು.

"ಭಾಳ ಸಾವಕಾಶ ಆತ್ರಿ" ಎಂದಳು. "ಈ ಚಾಲಿಗೆ ಮಗ್ಗ ನಡದ್ರ ಅಂದಾನೆಪ್ಪಣ್ಣ ಬಾಗಿಲಾ ಹಾಕ್ತಾನ. ಇನ್ನೊಮ್ಮೆ ಮಾಡ್ರಿ."

ಇನ್ನೊಮ್ಮೆ ಮಾಡಿದೆ.